ಕರೆಯದೇ ಕಣಕ್ಕಿಳಿದವನು

2019ರ ಮಾರ್ಚ್ 27ರ ರಾತ್ರಿ. ಕೋಲ್ಕತ್ತದ ಈಡನ್ ಗಾರ್ಡನ್ಸ್ ಕಿಕ್ಕಿರಿದಿದೆ. ಪಂಜಾಬ್ ತಂಡದ ನಾಯಕ ಆರ್. ಅಶ್ವಿನ್ ಹೊಸ ಹುಡುಗನನ್ನು ಕರೆದು ಚೆಂಡನ್ನು ಕೈಗಿಡುತ್ತಾನೆ. ಹುಡುಗನ ವಯಸ್ಸು 27. ಐಪಿಎಲ್‌ನಲ್ಲಿ ಅವನಿಗಿದು ಮೊದಲ ಪಂದ್ಯ, ಮೊದಲ ಓವರ್. ಎದುರಿಗೆ ಬ್ಯಾಟು ಹಿಡಿದು ನಿಂತವನು ಕೋಲ್ಕತ್ತ ತಂಡದ ಸುನಿಲ್ ನರೈನ್.

ಚೆಂಡು ಬೌಂಡರಿಯಾಚೆ ಹಾರುತ್ತದೆ. ಗ್ಯಾಲರಿ ಎದ್ದು ಕುಣಿಯುತ್ತದೆ. ಹುಡುಗ ಹಿಂದಕ್ಕೆ ನಡೆಯುತ್ತಾನೆ, ಹಿಡಿತ ಬದಲಿಸುತ್ತಾನೆ, ಮತ್ತೆ ಓಡಿ ಬರುತ್ತಾನೆ. ಚೆಂಡು ಮತ್ತೆ ಜನರ ನಡುವೆ. ಏನು ಹಾಕಿದರೂ ಹೊಡೆತ, ಎಲ್ಲಿ ಹಾಕಿದರೂ ಹೊಡೆತ. ಓವರ್ ಮುಗಿದಾಗ ಫಲಕದಲ್ಲಿ ಅವನ ಲೆಕ್ಕಕ್ಕೆ 25 ರನ್. ಅಲ್ಲಿಯತನಕ ಐಪಿಎಲ್‌ಗೆ ಕಾಲಿಟ್ಟ ಯಾವ ಬೌಲರನೂ ತನ್ನ ಮೊಟ್ಟಮೊದಲ ಓವರಿನಲ್ಲಿ ಅಷ್ಟು ರನ್ ತೆತ್ತಿರಲಿಲ್ಲ. ಮೂರು ತಿಂಗಳ ಹಿಂದಷ್ಟೇ ಜೈಪುರದ ಹರಾಜಿನಲ್ಲಿ 20 ಲಕ್ಷ ಮೂಲಬೆಲೆಯ ಈ ಹುಡುಗನಿಗೆ 8.4 ಕೋಟಿ ಕೂಗಿದ್ದರು. ಈಗ ಇಡೀ ದೇಶ ಅವನನ್ನೇ ನೋಡುತ್ತಿದೆ, ಕಾಲ ಕೆಳಗಿನ ನೆಲ ಕುಸಿಯುತ್ತಿದೆ.

ಅಲ್ಲೇ ಅವನ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚೆಂಡನ್ನು ಮತ್ತೆ ಕೈಗೆತ್ತಿಕೊಂಡ. ಆ ಮೇಲಿನ ಎರಡು ಓವರ್‌ಗಳಲ್ಲಿ ಕೊಟ್ಟದ್ದು ಬರೀ 10 ರನ್, ಕಿತ್ತದ್ದು ನಿತೀಶ್ ರಾಣಾನ ವಿಕೆಟ್. ಅವನ ಹೆಸರು ವರುಣ್ ಚಕ್ರವರ್ತಿ. ಹುಟ್ಟಿದ್ದು 1991ರ ಆಗಸ್ಟ್ 29ರಂದು, ನಮ್ಮ ಬೀದರ್‌ನಲ್ಲಿ. ಬೆಳೆದದ್ದು ಚೆನ್ನೈಯಲ್ಲಿ. ಯಾರೂ ಕರೆಯದೇ ಬಂದವನು, ಬಂದ ಮೇಲೆ ಪದೇ ಪದೇ ಹೊರದಬ್ಬಿಸಿಕೊಂಡವನು, ಪ್ರತಿಸಲವೂ ಹೊಸ ಕಸುಬು ಕಲಿತು ಮತ್ತೆ ಬಂದು ನಿಂತವನು. ಆಟದ ಲೋಕದಲ್ಲಿ ಬದುಕುಳಿಯುವುದೆಂದರೆ ಏನೆಂದು ಕೇಳಿದರೆ ನಾನು ಬೆಟ್ಟ ಹತ್ತಿದವರ, ಕಡಲು ದಾಟಿದವರ ಕಥೆ ಹೇಳುವುದಿಲ್ಲ. ಇವನ ಕಥೆ ಹೇಳುತ್ತೇನೆ.

ಈ ಕಥೆ ಹೇಳಲು ಗಾಂಧಿಪುರಂಗಿಂತ ತಕ್ಕ ಜಾಗವಿಲ್ಲ. ಕೊಯಮತ್ತೂರಿನ ಈ ಬಸ್ ನಿಲ್ದಾಣಕ್ಕೆ ಮೈಸೂರು, ಚಾಮರಾಜನಗರದ ಕಡೆಯಿಂದ ಬಸ್ಸುಗಳು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಬರುತ್ತವೆ. ಘಾಟಿಯ ಮೇಲಿನ ತಾಳವಾಡಿ ಸೀಮೆ ಈರೋಡ್ ಜಿಲ್ಲೆಗೆ ಸೇರಿದ್ದು. ಅಲ್ಲಿನ ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ಇತ್ತ ಕೊಯಮತ್ತೂರು, ತಿರುಪ್ಪೂರಿನ ಬೀದಿಗಳಲ್ಲೂ ತಲೆಮಾರುಗಳಿಂದ ನೆಲೆಸಿದ ದೇವಾಂಗ ನೇಕಾರರು, ಒಕ್ಕಲಿಗರು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಎಂದು ಬಾಳುತ್ತಿದ್ದಾರೆ. ಓದಲು, ಆಡಲು, ದುಡಿಯಲು ಬರುವ ಹುಡುಗರಿಗೆ ಈ ನಿಲ್ದಾಣವೇ ಹೆಬ್ಬಾಗಿಲು. ಕಾಲೇಜು ಶುರುವಾಗುವ ದಿನಗಳಲ್ಲಿ ಹೆಗಲಿಗೆ ಕಿಟ್ ಬ್ಯಾಗು ಹೊತ್ತವರು ಇಲ್ಲಿ ಇಳಿಯುತ್ತಲೇ ಇರುತ್ತಾರೆ.

ಆ ಹುಡುಗರಲ್ಲಿ ಎರಡು ಥರ. ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡಿ ಸರ್ಟಿಫಿಕೇಟಿನ ಕಡತ ಹಿಡಿದು ಕ್ರೀಡಾ ಕೋಟಾದಲ್ಲಿ ಸೀಟು ಪಡೆದವರು ಒಂದು ಥರ. ಅವರ ಹೆಸರು ಫಿಸಿಕಲ್ ಡೈರೆಕ್ಟರ್ ಬಳಿ ಮೊದಲೇ ಇರುತ್ತದೆ. ಇನ್ನೊಂದು ಥರದವರ ಕೈಯಲ್ಲಿ ಕಡತವಿಲ್ಲ. ಆಯ್ಕೆಯ ದಿನ ಬೆಳಿಗ್ಗೆ ಎದ್ದು ಶೂ ಕಟ್ಟಿ, ಸಾಲಿನ ಕೊನೆಯಲ್ಲಿ ನಿಂತು, ‘ಸರ್, ನನಗೂ ಒಂದು ಚಾನ್ಸ್’ ಎಂದು ಕೇಳುವವರು. ಕೇಳುವಾಗ ಎದೆ ಹೊಡೆದುಕೊಳ್ಳುತ್ತದೆ. ಸಿಗುವುದು ಆರು ಎಸೆತ, ಇಲ್ಲವೇ ಎರಡು ಕ್ಯಾಚು, ಒಂದು ಓಟ. ಅಷ್ಟರಲ್ಲಿ ತೀರ್ಮಾನ.

ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಇಂಥವರಿಗೆ ವಾಕ್-ಆನ್ ಎನ್ನುತ್ತಾರೆ. ಅಲ್ಲಿನ ಲೆಕ್ಕ ಇನ್ನೂ ಕಠಿಣ. ಅತಿ ಮೇಲಿನ ಡಿವಿಷನ್‌ನಲ್ಲಿ ಮೊನ್ನೆಮೊನ್ನೆಯವರೆಗೂ ಒಂದು ತಂಡಕ್ಕೆ ಇದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನ. ಅದನ್ನೇ ಹರಿದು ಹಂಚಿ ಒಂದಿಷ್ಟು ಹುಡುಗರಿಗೆ ಮಾತ್ರ ಕೊಡಬಹುದಿತ್ತು. ತಂಡದಲ್ಲಿ ಅದಕ್ಕಿಂತ ಹೆಚ್ಚು ಜನ. ಉಳಿದವರು ಬಿಡಿಗಾಸೂ ಇಲ್ಲದೆ, ಸ್ವಂತ ಖರ್ಚಿನಲ್ಲಿ ಓದುತ್ತಾ, ಗ್ಲೌಸ್ ಹಿಡಿದು ತಾವಾಗಿಯೇ ಮೈದಾನಕ್ಕೆ ನಡೆದುಬಂದವರು. 2025ರಲ್ಲಿ ನಿಯಮ ಬದಲಾಗಿ, ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ತಂಡದ ಗಾತ್ರಕ್ಕೇ 34ರ ಮಿತಿ ಬಿದ್ದಿದೆ. ಕರೆಯದೇ ಬರುವವರ ದಾರಿ ಇನ್ನಷ್ಟು ಕಿರಿದಾಗಿದೆ.

ಆ ಬೇಸ್‌ಬಾಲ್ ಲೋಕಕ್ಕೂ ನಮ್ಮವರಿಬ್ಬರು ನುಗ್ಗಿದ್ದರು. ಲಖನೌದ ಕ್ರೀಡಾ ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್. ಬೇಸ್‌ಬಾಲ್ ಎಂಬ ಆಟದ ಗಂಧಗಾಳಿಯೂ ಇಲ್ಲದವರು 2008ರಲ್ಲಿ ವೇಗದ ಎಸೆತದ ಸ್ಪರ್ಧೆಯೊಂದಕ್ಕೆ ಹೋಗಿ ಮೊದಲೆರಡು ಸ್ಥಾನ ಪಡೆದು ಅಮೆರಿಕದ ವಿಮಾನ ಹತ್ತಿದರು. ಭಾಷೆ ಬಾರದು, ನಿಯಮ ಗೊತ್ತಿಲ್ಲ, ಊಟ ಹಿಡಿಸದು. ಅದೇ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರ ಜೊತೆಗೂ ಒಪ್ಪಂದ ಮಾಡಿಕೊಂಡಿತು! 2009ರಲ್ಲಿ ಅಲ್ಲಿನ ವೃತ್ತಿಪರ ಲೀಗಿನಲ್ಲಿ ಇಬ್ಬರೂ ಎಸೆದರು.

ಈಗ ವರುಣ್‌ನ ಬೆನ್ನು ಹತ್ತೋಣ. ಹುಡುಗನಾಗಿದ್ದಾಗ ಅವನು ಬೌಲರ್ ಅಲ್ಲವೇ ಅಲ್ಲ. ವಿಕೆಟ್ ಕೀಪರ್, ಜೊತೆಗೆ ಬ್ಯಾಟ್ಸ್‌ಮನ್. ವಯೋಮಿತಿಯ ತಂಡಗಳ ಆಯ್ಕೆಗೆ ಹೋದ, ವಾಪಸಾದ. ಮತ್ತೆ ಹೋದ, ಮತ್ತೆ ವಾಪಸಾದ. ಹದಿನೇಳಕ್ಕೆ ಗ್ಲೌಸ್ ಕಳಚಿಟ್ಟು ಎಸ್‌ಆರ್‌ಎಂ ವಿಶ್ವವಿದ್ಯಾಲಯದಲ್ಲಿ ಆರ್ಕಿಟೆಕ್ಚರ್ ಓದಲು ಕುಳಿತ. ಐದು ವರ್ಷ ನಕ್ಷೆ, ಅಳತೆ, ಮಾದರಿ. ಆಮೇಲೆ ಕೆಲಸ. ಬಿಡುವು ಸಿಕ್ಕರೆ ಟೆನಿಸ್ ಬಾಲ್ ಕ್ರಿಕೆಟ್. 2014ರಲ್ಲಿ ತೆರೆಕಂಡ ‘ಜೀವಾ’ ಎಂಬ ತಮಿಳು ಚಿತ್ರದಲ್ಲಿ ಒಂದು ಸಣ್ಣ ಪಾತ್ರ. ರಾಜ್ಯ ತಂಡ ಸೇರಲು ಹೆಣಗುವ ಕ್ರಿಕೆಟಿಗನ ಕಥೆಯದು. ತೆರೆಯ ಮೇಲೆ ಆಡಿದವನಿಗೆ ನಿಜದ ಮೈದಾನ ಇನ್ನೂ ಬಾಗಿಲು ತೆರೆದಿರಲಿಲ್ಲ.

ಇಪ್ಪತ್ತೈದರ ಆಸುಪಾಸಿನಲ್ಲಿ ಕೆಲಸ ಬಿಟ್ಟ. ಆ ವಯಸ್ಸಿಗೆ ಒಳ್ಳೆಯ ಆಟಗಾರರು ರಣಜಿಯಲ್ಲಿ ನೆಲೆನಿಂತಿರುತ್ತಾರೆ. ಇವನು ಕ್ರೋಮ್‌ಬೆಸ್ಟ್ ಎಂಬ ಕ್ಲಬ್ಬಿಗೆ ಹೋಗಿ ವೇಗದ ಬೌಲರ್ ಆಗುತ್ತೇನೆಂದು ನಿಂತ. ಶುರುವಿನಲ್ಲೇ ಮೊಣಕಾಲು ಕೈಕೊಟ್ಟಿತು. ಕೀಪರ್ ಆಗಿ ಸೋತಿದ್ದ, ಈಗ ವೇಗವೂ ಹೋಯಿತು. ನಡೆಯಲೇ ಕಷ್ಟ. ಎದುರಿಗೆ ಗೋಡೆ, ಹಿಂದೆ ಬಿಟ್ಟುಬಂದ ನೌಕರಿ.

ಬೆರಳುಗಳು ಮಾತ್ರ ಸರಿಯಿದ್ದವು. ಓಡಲಾಗದ ಆ ತಿಂಗಳುಗಳಲ್ಲಿ ಅವನು ಸ್ಪಿನ್‌ಗೆ ಕೈಹಾಕಿದ. ಟೆನಿಸ್ ಚೆಂಡಿನಲ್ಲಿ ಬೆರಳು ಮಡಿಚಿ ಆಡುತ್ತಿದ್ದ ಆಟವನ್ನು ತೊಗಲಿನ ಚೆಂಡಿಗೆ ಹೊಂದಿಸತೊಡಗಿದ. ಕೇರಂ ಬಾಲ್ ಹಿಡಿಯುವ ಬಗೆ ನೋಡಿ: ಹೆಬ್ಬೆರಳು, ತೋರುಬೆರಳು, ಮಡಿಚಿದ ಮಧ್ಯಬೆರಳು, ಇವುಗಳ ನಡುವೆ ಚೆಂಡು. ಬಿಡುವ ಗಳಿಗೆಯಲ್ಲಿ ಕೇರಂ ಕಾಯಿಗೆ ಹೊಡೆದಂತೆ ಆ ಮಧ್ಯಬೆರಳು ಚಿಮ್ಮಬೇಕು. ಟೆನಿಸ್ ಚೆಂಡು ಹಗುರ, ಹೇಳಿದಂತೆ ಕೇಳುತ್ತದೆ. ಕ್ರಿಕೆಟ್ ಚೆಂಡಿನ ತೂಕ 156 ಗ್ರಾಂಗೂ ಮಿಕ್ಕಿ. ಆ ಭಾರವನ್ನು ಒಂದು ಬೆರಳಿನ ತುದಿ ತಿರುಗಿಸಬೇಕು, 22 ಗಜ ದೂರದ ಗುರಿಗೆ ಮುಟ್ಟಿಸಬೇಕು. ಗಿಣ್ಣು ಊದಿಕೊಳ್ಳುತ್ತದೆ, ಚರ್ಮ ಸುಲಿಯುತ್ತದೆ. ಹೀಗೆ ಒಂದೊಂದೇ ಸೇರಿಸುತ್ತಾ ಹೋದ: ಆಫ್ ಬ್ರೇಕ್, ಲೆಗ್ ಬ್ರೇಕ್, ಗೂಗ್ಲಿ, ಕೇರಂ ಬಾಲ್, ಫ್ಲಿಪ್ಪರ್, ಟಾಪ್ ಸ್ಪಿನ್. ಓಟ ಒಂದೇ, ತೋಳಿನ ಬೀಸು ಒಂದೇ, ಹೊರಬರುವ ಚೆಂಡು ಬೇರೆ ಬೇರೆ.

ಅದನ್ನು ಪರೀಕ್ಷಿಸಲು ಅವನಿಗೆ ಸಿಕ್ಕ ಜಾಗ ಚೆನ್ನೈ ಲೀಗ್‌ನ ನಾಲ್ಕನೇ ಡಿವಿಷನ್. ಪತ್ರಿಕೆಯಲ್ಲಿ ಒಂದು ಸಾಲೂ ಬಾರದ ಪಂದ್ಯಗಳು. ಟಿವಿಯಿಲ್ಲ, ಆಯ್ಕೆಗಾರರಿಲ್ಲ. ಅಂಪೈರ್ ಇದ್ದಾರೆ, ಸ್ಕೋರ್ ಬುಕ್ ಇದೆ, ಅಷ್ಟೇ. 2017–18ರಲ್ಲಿ ಜುಬಿಲಿ ಕ್ರಿಕೆಟ್ ಕ್ಲಬ್‌ಗೆ ಆಡಿದ 7 ಪಂದ್ಯಗಳಲ್ಲಿ 31 ವಿಕೆಟ್! ಓವರಿಗೆ ಕೊಟ್ಟದ್ದು 3.06 ರನ್.

ಆ ಅಂಕಿ ಯಾರದೋ ಕಣ್ಣಿಗೆ ಬಿತ್ತು, ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ದಿನೇಶ್ ಕಾರ್ತಿಕ್ ಅವನನ್ನು ಕೋಲ್ಕತ್ತ ತಂಡದ ನೆಟ್ಸ್‌ಗೆ ಬೌಲ್ ಮಾಡಲು ಕರೆಸಿದ. 2018ರ ತಮಿಳುನಾಡು ಪ್ರೀಮಿಯರ್ ಲೀಗ್‌ನಲ್ಲಿ ಮಧುರೈ ಪ್ಯಾಂಥರ್ಸ್‌ಗೆ ಅವಕಾಶ ಸಿಕ್ಕಿತು. ಇಪ್ಪತ್ತು ಓವರುಗಳ ಹೊಡಿಬಡಿ ಆಟದಲ್ಲಿ ಅವನು ಎಸೆದ 240 ಚೆಂಡುಗಳ ಪೈಕಿ 125ರಲ್ಲಿ ಒಂದು ರನ್ನೂ ಬರಲಿಲ್ಲ. ಮಧುರೈ ಕಪ್ ಗೆದ್ದಿತು. ಬೆನ್ನಿಗೇ ವಿಜಯ್ ಹಜಾರೆ ಟ್ರೋಫಿ: 9 ಪಂದ್ಯ, 22 ವಿಕೆಟ್. ಡಿಸೆಂಬರ್‌ನಲ್ಲಿ ಹರಾಜು, 8.4 ಕೋಟಿ. ನಾಲ್ಕನೇ ಡಿವಿಷನ್ನಿನಿಂದ ಅಲ್ಲಿಗೆ ತಲುಪಲು ಹಿಡಿದದ್ದು ಒಂದೇ ವರ್ಷ. ಉಸಿರು ತೆಗೆದುಕೊಳ್ಳುವುದರೊಳಗೆ ಈಡನ್ ಗಾರ್ಡನ್ಸ್‌ನ ಆ ರಾತ್ರಿ. ಆ ಮೇಲೆ ಬೆರಳಿಗೆ ಗಾಯ. ಆ ವರ್ಷ ಅವನು ಆಡಿದ್ದು ಅದೊಂದೇ ಪಂದ್ಯ. ಪಂಜಾಬ್ ಕೈಬಿಟ್ಟಿತು.

ಮುಂದಿನ ಹರಾಜಿನಲ್ಲಿ ಕೈಹಿಡಿದದ್ದು ಅವನನ್ನು ಬಗ್ಗುಬಡಿದ ಕೋಲ್ಕತ್ತವೇ. 2020ರ ಐಪಿಎಲ್, ಕೋವಿಡ್ ಕಾಲ, ಅರಬ್ ನಾಡಿನ ಖಾಲಿ ಕ್ರೀಡಾಂಗಣಗಳು. ಅಬುಧಾಬಿಯಲ್ಲಿ ಮಹೇಂದ್ರ ಸಿಂಗ್ ಧೋನಿಯನ್ನು ಬೌಲ್ಡ್ ಮಾಡಿದ. ಮೂರು ವರ್ಷದ ಹಿಂದೆ ಚೆನ್ನೈನ ಚೆಪಾಕ್ ಕ್ರೀಡಾಂಗಣದಲ್ಲಿ ಜನರ ನಡುವೆ ಕೂತು ಧೋನಿಯ ಆಟ ನೋಡುತ್ತಿದ್ದೆ ಎಂದು ಪಂದ್ಯದ ಬಳಿಕ ಹೇಳಿಕೊಂಡ. ಅಕ್ಟೋಬರ್ 24ರಂದು ಡೆಲ್ಲಿ ತಂಡದ ಮೇಲೆ ಬಿರುಗಾಳಿಯಾದ: ಪಂತ್, ಹೆಟ್ಮೈರ್, ಶ್ರೇಯಸ್ ಅಯ್ಯರ್, ಸ್ಟೊಯಿನಿಸ್, ಅಕ್ಷರ್. 20 ರನ್ನಿಗೆ 5 ವಿಕೆಟ್. ಎರಡೇ ದಿನಕ್ಕೆ ಆಸ್ಟ್ರೇಲಿಯಾ ಪ್ರವಾಸದ ಭಾರತ ತಂಡದಲ್ಲಿ ಹೆಸರು!

ಹೆಸರು ಬಂತು, ವಿಮಾನ ಹತ್ತಲಾಗಲಿಲ್ಲ. ಭುಜದ ಗಾಯ. ಅವನ ಜಾಗಕ್ಕೆ ಹೋದವನು ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್. ಅವನೂ ಟೆನಿಸ್ ಬಾಲ್ ಕ್ರಿಕೆಟ್‌ನಿಂದ ಎದ್ದುಬಂದವನೇ. ನಟರಾಜನ್ ಆ ಒಂದೇ ಪ್ರವಾಸದಲ್ಲಿ ಏಕದಿನ, ಟಿ20, ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಹೀಗೆ ಮೂರಕ್ಕೂ ಪದಾರ್ಪಣೆ ಮಾಡಿ ಇತಿಹಾಸ ಬರೆದ. ವರುಣ್ ಮನೆಯಲ್ಲಿ ಕೂತು ಭುಜ ನೀವಿಕೊಳ್ಳುತ್ತಿದ್ದ. 2021ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮತ್ತೆ ಕರೆ, ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲು. ಮೇ ತಿಂಗಳಲ್ಲಿ ಐಪಿಎಲ್ ನಡುವೆ ಅವನಿಗೂ ಸಂದೀಪ್ ವಾರಿಯರ್‌ಗೂ ಕೋವಿಡ್. ಮರುದಿನ ಇಡೀ ಟೂರ್ನಿಯೇ ನಿಂತಿತು. ಜುಲೈ 25ರಂದು ಕೊಲಂಬೊದಲ್ಲಿ ಕೊನೆಗೂ ಭಾರತದ ಅಂಗಿ ಮೈಮೇಲೆ ಬಂತು.

ಮೂರೇ ತಿಂಗಳಲ್ಲಿ ವಿಶ್ವಕಪ್. ಅಕ್ಟೋಬರ್ 24, ದುಬೈ, ಎದುರಾಳಿ ಪಾಕಿಸ್ತಾನ. ನಾಲ್ಕು ಓವರ್, 33 ರನ್, ವಿಕೆಟ್ ಇಲ್ಲ. ಭಾರತಕ್ಕೆ ಹತ್ತು ವಿಕೆಟ್ ಸೋಲು. ಟೂರ್ನಿಯ ಮೂರು ಪಂದ್ಯ ಆಡಿ ಬರಿಗೈಯಲ್ಲಿ ಮರಳಿದ. ಬೆದರಿಕೆ ಕರೆಗಳು ಬಂದವು. ವಿಮಾನ ನಿಲ್ದಾಣದಿಂದ ಬೈಕಿನಲ್ಲಿ ಹಿಂಬಾಲಿಸಿದರು, ಮನೆ ಹುಡುಕಿಕೊಂಡು ಬಂದರು, ಕೆಲವೊಮ್ಮೆ ಅಡಗಿಕೊಳ್ಳಬೇಕಾಯಿತು. ಖಿನ್ನತೆಗೆ ಜಾರಿದ್ದೆ ಎಂದು ವರ್ಷಗಳ ನಂತರ ಅವನೇ ಬಾಯಿಬಿಟ್ಟು ಹೇಳಿದ. ಭಾರತ ತಂಡದ ಪಟ್ಟಿಗಳು ಒಂದಾದ ಮೇಲೊಂದು ಬಂದವು, ಅವುಗಳಲ್ಲಿ ಅವನ ಹೆಸರಿಲ್ಲ. 2022ರ ಐಪಿಎಲ್‌ನಲ್ಲಿ ಸಿಕ್ಕಿದ್ದು 6 ವಿಕೆಟ್. ಬ್ಯಾಟ್ಸ್‌ಮನ್‌ಗಳಿಗೆ ಅವನ ಗುಟ್ಟು ಗೊತ್ತಾಗಿ ಹೋಗಿತ್ತು.

ಇಲ್ಲಿಂದ ಮುಂದಿನದೇ ಈ ಗಾಥೆಯ ಎದೆಗುಂಡಿಗೆ. ತನ್ನ ಹಳೆಯ ವಿಡಿಯೊಗಳನ್ನೆಲ್ಲ ಎದುರಿಗೆ ಹಾಕಿಕೊಂಡು ನೋಡಿದ. ಚೆಂಡು ಪಕ್ಕಕ್ಕೆ ಸುತ್ತುತ್ತಾ ಹೋಗುತ್ತಿತ್ತು, ಅಂದರೆ ಸೈಡ್ ಸ್ಪಿನ್. ಅದು ಬಿದ್ದ ಮೇಲೆ ಬದಿಗೆ ತಿರುಗುತ್ತದೆ, ಆದರೆ ಎತ್ತರ ಬದಲಾಗುವುದಿಲ್ಲ. ಕಣ್ಣು ಪಳಗಿದ ಬ್ಯಾಟ್ಸ್‌ಮನ್ ಕಾಯ್ದು ನಿಂತು ಹೊಡೆಯುತ್ತಾನೆ. ಚೆಂಡು ಮುಂದಕ್ಕೆ ಉರುಳುವಂತೆ ಸುತ್ತಿದರೆ, ಅಂದರೆ ಓವರ್ ಸ್ಪಿನ್ ಕೊಟ್ಟರೆ, ಅದು ಗಾಳಿಯಲ್ಲೇ ತಟ್ಟನೆ ಕೆಳಗಿಳಿದು, ನೆಲ ಮುಟ್ಟಿದ ಕೂಡಲೇ ಪುಟಿದೇಳುತ್ತದೆ. ಬ್ಯಾಟಿನ ನಡುವಿಗೆ ತಾಗಬೇಕಾದ್ದು ಹಿಡಿಯ ಹತ್ತಿರ ತಾಗುತ್ತದೆ. ಹೇಳುವುದು ಸುಲಭ. ಮಾಡಲು ಮಣಿಕಟ್ಟು, ಭುಜ, ಚೆಂಡು ಬಿಡುವ ಗಳಿಗೆ ಎಲ್ಲವನ್ನೂ ಕಳಚಿ ಹೊಸದಾಗಿ ಜೋಡಿಸಬೇಕು. ಮೂವತ್ತು ದಾಟಿದ ಮೇಲೆ, ಅನ್ನ ಕೊಟ್ಟ ಕಸುಬನ್ನು ತಾನೇ ಮುರಿದು ಕಟ್ಟಲು ಅವನಿಗೆ ಹಿಡಿದದ್ದು ಸುಮಾರು ಎರಡು ವರ್ಷ. ಒಂದು ಸಲದ ಅಭ್ಯಾಸಕ್ಕೆ ಐವತ್ತು ಚೆಂಡು ಎಸೆಯುತ್ತಿದ್ದವನು ಅದರ ಎರಡರಷ್ಟು ಎಸೆದ.

ಹೊಸ ಎಸೆತವನ್ನು ಎಲ್ಲಿ ಪ್ರಯೋಗಿಸಿದ? ಸ್ಥಳೀಯ ಲೀಗ್‌ಗಳಲ್ಲಿ. ತಮಿಳುನಾಡು ಲೀಗ್‌ನ ಪಂದ್ಯಗಳು 2022ರಿಂದ ಕೊಯಮತ್ತೂರಿಗೂ ಬಂದಿದ್ದವು, ಅದೂ ಒಂದು ಕಾಲೇಜು ಮೈದಾನಕ್ಕೆ: ಗಾಂಧಿಪುರಂನಿಂದ ಸ್ವಲ್ಪವೇ ದೂರದ ಶ್ರೀ ರಾಮಕೃಷ್ಣ ಕಲಾ ಮತ್ತು ವಿಜ್ಞಾನ ಕಾಲೇಜಿನ ಅಂಗಳಕ್ಕೆ. ಆ ವರ್ಷದ ಫೈನಲ್ ಇಲ್ಲೇ ಮಳೆಗೆ ಸಿಕ್ಕಿ, ಚೆಪಾಕ್ ಮತ್ತು ಕೋವೈ ತಂಡಗಳು ಕಪ್ ಹಂಚಿಕೊಂಡವು. 2023ರಲ್ಲಿ ಅಶ್ವಿನ್ ನಾಯಕನಾಗಿದ್ದ ದಿಂಡಿಗಲ್ ತಂಡ ಇಲ್ಲಿ ಆಡಿತು. ವರುಣ್ ಆ ತಂಡದವನು. ಭಾರತ ತಂಡ ಮರೆತುಬಿಟ್ಟಿದ್ದ ಬೌಲರನೊಬ್ಬ ಕಾಲೇಜು ಹುಡುಗರು ಓಡಾಡುವ ಅಂಗಳಗಳಲ್ಲಿ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತಿದ್ದ.

ಫಲ ಬಂದಾಗ ಪ್ರವಾಹವಾಗಿ ಬಂತು. 2023ರ ಐಪಿಎಲ್‌ನಲ್ಲಿ 20 ವಿಕೆಟ್. 2024ರಲ್ಲಿ 21. ಆ ವರ್ಷ ಮೇ 26ರಂದು ಕೋಲ್ಕತ್ತ ಕಪ್ ಎತ್ತಿದ್ದು ಚೆಪಾಕ್‌ನಲ್ಲಿ, ಅವನು ಒಮ್ಮೆ ಟಿಕೆಟ್ ಪಡೆದು ಕೂತಿದ್ದ ಅದೇ ಚೆಪಾಕ್‌ನಲ್ಲಿ. ಅಕ್ಟೋಬರ್ 6, ಗ್ವಾಲಿಯರ್: ಮೂರು ವರ್ಷದ ಬಳಿಕ ಮತ್ತೆ ನೀಲಿ ಅಂಗಿ, ಬಾಂಗ್ಲಾದೇಶದ 3 ವಿಕೆಟ್. ನವೆಂಬರ್ 10, ದಕ್ಷಿಣ ಆಫ್ರಿಕದ ಗೆಬೆರ್ಹಾ (ಹಿಂದಿನ ಪೋರ್ಟ್ ಎಲಿಜಬೆತ್): ಭಾರತ ಗಳಿಸಿದ್ದು 124 ಮಾತ್ರ. ಸೋಲು ಖಚಿತ ಎನ್ನುವಾಗ ಇವನು ಒಬ್ಬೊಬ್ಬರನ್ನೇ ಕೆಡವುತ್ತಾ ಹೋದ, ಕ್ಲಾಸೆನ್ ಮತ್ತು ಮಿಲ್ಲರ್‌ರನ್ನು ಬೆನ್ನುಬೆನ್ನಿಗೆ. 17 ರನ್ನಿಗೆ 5. ಪಂದ್ಯ ಕೈತಪ್ಪಿತು, ಆದರೆ ಬೌಲರ್ ಉಳಿದುಕೊಂಡ. 2025ರ ಆರಂಭದಲ್ಲಿ ಇಂಗ್ಲೆಂಡ್ ವಿರುದ್ಧದ ಐದು ಟಿ20ಗಳಲ್ಲಿ 14 ವಿಕೆಟ್, ಸರಣಿಶ್ರೇಷ್ಠ. ಫೆಬ್ರುವರಿ 9ರಂದು ಕಟಕ್‌ನಲ್ಲಿ ಏಕದಿನ ಕ್ರಿಕೆಟ್‌ಗೆ ಪದಾರ್ಪಣೆ, 33ನೇ ವಯಸ್ಸಿನಲ್ಲಿ! ಭಾರತದ ಪರ ಅದಕ್ಕಿಂತ ಹೆಚ್ಚು ವಯಸ್ಸಿನಲ್ಲಿ ಮೊದಲ ಏಕದಿನ ಆಡಿದವರು ಫಾರೂಕ್ ಎಂಜಿನಿಯರ್ ಒಬ್ಬರೇ.

ಆಮೇಲೆ ಚಾಂಪಿಯನ್ಸ್ ಟ್ರೋಫಿ. ಮೊದಲ ಪಟ್ಟಿಯಲ್ಲಿ ಅವನಿರಲಿಲ್ಲ, ಕೊನೆ ಗಳಿಗೆಯಲ್ಲಿ ಯಶಸ್ವಿ ಜೈಸ್ವಾಲ್ ಜಾಗಕ್ಕೆ ಸೇರಿಸಿದರು. ಊರು ಯಾವುದು? ದುಬೈ. ಮೂರೂವರೆ ವರ್ಷದ ಹಿಂದೆ ಅವನನ್ನು ಹಣ್ಣುಗಾಯಿ ಮಾಡಿದ ಅದೇ ಅಂಗಳ. ಮಾರ್ಚ್ 2ರಂದು ನ್ಯೂಜಿಲೆಂಡ್ ಎದುರು 42 ರನ್ನಿಗೆ 5 ವಿಕೆಟ್. ಸೆಮಿಫೈನಲ್‌ನಲ್ಲಿ, ತನ್ನ ಮೊದಲ ಓವರಿನಲ್ಲೇ, ಭಾರತದ ನಿದ್ದೆಗೆಡಿಸಿದ್ದ ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್‌ನ ವಿಕೆಟ್. ಫೈನಲ್‌ನಲ್ಲಿ ಮತ್ತೆರಡು. ಮೂರು ಪಂದ್ಯ, 9 ವಿಕೆಟ್, ಮಾರ್ಚ್ 9ರ ರಾತ್ರಿ ಕಪ್ ಭಾರತದ್ದು. ಸೆಪ್ಟೆಂಬರ್‌ನಲ್ಲಿ ಟಿ20 ಬೌಲರ್‌ಗಳ ವಿಶ್ವ ರ‍್ಯಾಂಕಿಂಗ್‌ನ ತುದಿಯಲ್ಲಿ ನಿಂತ ಹೆಸರು ವರುಣ್ ಚಕ್ರವರ್ತಿ.

ಈ ಕಥೆ ಕೇಳಿದವರು ಹಠ ದೊಡ್ಡದು ಎನ್ನುತ್ತಾರೆ. ಹಠ ದೊಡ್ಡದೇ. ಆದರೆ ಹಠ ಹಿಡಿದು ಕೀಪರ್ ಆಗಿಯೇ ಸಾಲಿನಲ್ಲಿ ನಿಂತಿದ್ದರೆ ಅವನು ಇವತ್ತಿಗೂ ಅಲ್ಲೇ ನಿಂತಿರುತ್ತಿದ್ದ. ಪಟ್ಟಿಯಲ್ಲಿರುವವರ ಬಳಿ ಇಲ್ಲದ ಏನನ್ನಾದರೂ ಹೊತ್ತು ತರುವುದು ಕರೆಯದೇ ಹೋದವನ ಪಾಲಿನ ಕೆಲಸ. ಅದನ್ನು ವರುಣ್ ಒಂದಲ್ಲ, ಎರಡು ಸಲ ಮಾಡಿದ. ಇನ್ನೊಂದು ಪಾಲಿನ ಕೆಲಸ ನಮ್ಮದು. ನಾಲ್ಕನೇ ಡಿವಿಷನ್ ಎಂಬ ತಗ್ಗು ಬಾಗಿಲೊಂದು ಇಲ್ಲದೇ ಹೋಗಿದ್ದರೆ, ಅಲ್ಲಿ ಅಂಪೈರ್ ನಿಂತು ಸ್ಕೋರರ್ ಬರೆದಿಡದೇ ಹೋಗಿದ್ದರೆ, ಆ 31 ವಿಕೆಟ್‌ಗಳ ಸುದ್ದಿ ಯಾರಿಗೂ ಮುಟ್ಟುತ್ತಿರಲಿಲ್ಲ. ಕೆಳಗಿನ ಲೀಗ್‌ಗಳನ್ನು ಖರ್ಚಿನ ಬಾಬ್ತೆಂದು ನೋಡಬಾರದು. ಕಾಲೇಜಿನ ಆಯ್ಕೆಯ ದಿನವನ್ನು ಕೋಟಾದ ಪಟ್ಟಿಗೆ ಮುದ್ರೆ ಒತ್ತುವ ಶಾಸ್ತ್ರವಾಗಲು ಬಿಡಬಾರದು. ಕ್ರಿಕೆಟ್ ಇರಲಿ, ಬೇಸ್‌ಬಾಲ್ ಇರಲಿ, ಕಬಡ್ಡಿ ಇರಲಿ, ಘಾಟಿಯಿಳಿದು ಬಂದು ಸಾಲಿನ ಕೊನೆಯಲ್ಲಿ ನಿಂತ ಹುಡುಗ ಹುಡುಗಿಯರಿಗೆ ಚೆಂಡು ಕೊಡಿ, ಅವರು ಎಸೆಯುವುದನ್ನು ಕೊನೆಯವರೆಗೂ ನೋಡಿ, ನೋಡಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಇವತ್ತು ಆಗದಿದ್ದರೆ ಮುಂದಿನ ವರ್ಷ ಬಾ ಎಂದು ಹೇಳಿ ಕಳಿಸಿ, ಮತ್ತು ಮುಂದಿನ ವರ್ಷವೂ ಆ ಬಾಗಿಲು ತೆರೆದಿರಲಿ.